ಒಂದು ಮುಖ ಸೀಳಿ ಎರಡು ಮುಖ: ಪೋರ್ಟ್ರೇಟ್ ಎಡಿಟಿಂಗ್‌ನಲ್ಲಿ ಸಮಮಿತಿಯ ಪ್ರಯೋಗ

ಮುಖದ ಫೋಟೊವೊಂದನ್ನು ನಡುಮಧ್ಯೆ ಉದ್ದಕ್ಕೆ ಸೀಳಿ, ಎಡ ಅರ್ಧವನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ ಅದರ ಪಕ್ಕಕ್ಕೇ ಜೋಡಿಸಿದರೆ ಒಂದು ಹೊಸ ಮುಖ ಸಿಗುತ್ತದೆ. ಬಲ ಅರ್ಧಕ್ಕೂ ಹಾಗೇ ಮಾಡಿದರೆ ಇನ್ನೊಂದು. ಇವನ್ನು ಜೋಡಿಮುಖಗಳು ಎನ್ನೋಣ. ಫೋಟೊ ಎಡಿಟಿಂಗ್ ಕಲಿಯುವವರು ಒಂದಲ್ಲ ಒಂದು ದಿನ ಮಾಡಿ ನೋಡುವ ಆಟವಿದು. ಬಂದ ಫಲಿತಾಂಶ ಕಂಡು ಬೆಚ್ಚುವುದೂ ಮಾಮೂಲಿ. ಒಂದು ಮುಖ ಅಗಲವಾಗಿ, ಗುಂಡಗೆ, ಬೆಳ್ಳಗೆ ಇರುತ್ತದೆ. ಇನ್ನೊಂದು ಕೋಲುಮುಖ, ಕಣ್ಣುಗಳು ಒಂದಕ್ಕೊಂದು ಹತ್ತಿರ, ಸ್ವಲ್ಪ ಕಠಿಣ. ಎರಡರಲ್ಲಿ ಒಂದೂ ಆ ವ್ಯಕ್ತಿಯಂತೆ ಕಾಣುವುದಿಲ್ಲ. ಅಲ್ಲಿಗೆ ವ್ಯಾಖ್ಯಾನ ಶುರುವಾಗುತ್ತದೆ: ಎಡಭಾಗ ನಿಮ್ಮ ಒಳಮನಸ್ಸು, ಬಲಭಾಗ ನೀವು ಜಗತ್ತಿಗೆ ತೋರಿಸುವ ಮುಖ, ಇತ್ಯಾದಿ.

ಆ ವ್ಯಾಖ್ಯಾನಗಳನ್ನು ಸದ್ಯಕ್ಕೆ ಬದಿಗಿಡೋಣ. ಈ ಎರಡು ಮುಖಗಳ ನಡುವೆ ಕಾಣುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ಮುಖದ್ದೇ ಅಲ್ಲ. ಅದು ತಲೆ ಎಷ್ಟು ತಿರುಗಿತ್ತು, ಕ್ಯಾಮೆರಾ ಎಷ್ಟು ಹತ್ತಿರವಿತ್ತು, ಬೆಳಕು ಯಾವ ಕಡೆಯಿಂದ ಬಿತ್ತು, ನೀವು ಕತ್ತರಿ ಎಲ್ಲಿ ಹಾಕಿದಿರಿ ಎಂಬುದರ ಫಲ. ಇವನ್ನೆಲ್ಲ ಕಳೆದ ಮೇಲೆ ಉಳಿಯುವುದಷ್ಟೇ ಮುಖದ ನಿಜವಾದ ಅಸಮಮಿತಿ, ಅಂದರೆ ಎಡಬಲಗಳ ನಡುವಿನ ವ್ಯತ್ಯಾಸ. ಆ ಉಳಿಕೆ ಚಿಕ್ಕದು, ಆದರೆ ಕುತೂಹಲದ್ದು.

ತಲೆಯ ತಿರುಗುವಿಕೆಯಿಂದಲೇ ಶುರು ಮಾಡೋಣ, ಏಕೆಂದರೆ ಅತಿ ಹೆಚ್ಚು ಮೋಸ ಮಾಡುವುದು ಅದೇ. ಲೆಕ್ಕಕ್ಕಾಗಿ, ನಡುಗೆರೆಯಿಂದ ಕೆನ್ನೆಯ ಅಂಚಿನವರೆಗೆ ಮುಖದ ಅರ್ಧ ಅಗಲ 7 ಸೆಂ.ಮೀ. ಎಂದುಕೊಳ್ಳಿ. ಮೂಗಿನ ತುದಿ ಆ ಅಂಚಿಗಿಂತ ಸುಮಾರು 10 ಸೆಂ.ಮೀ. ಮುಂದಿದೆ ಎನ್ನಿ. ಈಗ ತಲೆ ಕೇವಲ 3 ಡಿಗ್ರಿ ತಿರುಗಿದರೆ, ಮುಂದೆ ಚಾಚಿಕೊಂಡಿರುವ ಮೂಗು ಕೆನ್ನೆಗಳ ಎದುರು ಅರ್ಧ ಸೆಂ.ಮೀ.ನಷ್ಟು ಪಕ್ಕಕ್ಕೆ ಸರಿಯುತ್ತದೆ. ಮೂಗನ್ನೇ ನಡುಗೆರೆ ಎಂದು ಹಿಡಿದು ಸೀಳಿದರೆ ಒಂದು ಅರ್ಧ 7.5, ಇನ್ನೊಂದು 6.5. ಕನ್ನಡಿ ಹಾಕಿ ಜೋಡಿಸಿದಾಗ ಒಂದು ಮುಖದ ಅಗಲ 15 ಸೆಂ.ಮೀ., ಇನ್ನೊಂದರದು 13. ಸಂಪೂರ್ಣ ಸಮಮಿತಿಯ ಬೊಂಬೆಯ ತಲೆಯನ್ನು ಹೀಗೆ ಫೋಟೊ ತೆಗೆದರೂ ಇಷ್ಟೇ ವ್ಯತ್ಯಾಸ ಬರುತ್ತದೆ. 3 ಡಿಗ್ರಿ ಎಂದರೆ ಎದುರು ನಿಂತವರ ಕಣ್ಣಿಗೆ ತಲೆ ನೆಟ್ಟಗೇ ಇದೆ ಅನ್ನಿಸುವಷ್ಟು ಸಣ್ಣ ಕೋನ. ‘ಎಡಮುಖ ದಪ್ಪ, ಬಲಮುಖ ತೆಳ್ಳಗೆ’ ಎಂಬ ಮಾತಿನ ಮೂಲ ಬಹಳ ಸಲ ಇಲ್ಲಿದೆ.

ಸೆಲ್ಫಿಯಲ್ಲಿ ಇದು ಇನ್ನೂ ಕೆಡುತ್ತದೆ. ಮೊಬೈಲ್ ಮುಖದಿಂದ 30 ಸೆಂ.ಮೀ. ದೂರದಲ್ಲಿದ್ದು, ಲೆನ್ಸ್ ನಿಮ್ಮ ನಡುಗೆರೆಯಿಂದ ಎರಡೂವರೆ ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ಪಕ್ಕಕ್ಕಿದ್ದರೆ ಸಾಕು, ತಲೆ 5 ಡಿಗ್ರಿ ತಿರುಗಿದ ಪರಿಣಾಮವೇ ಬರುತ್ತದೆ. ಪಕ್ಕಕ್ಕೆ ಅಷ್ಟೇ ಸರಿದಿದ್ದರೂ ಒಂದೂವರೆ ಮೀಟರ್ ದೂರದಲ್ಲಿ ಅದು ಬರೀ 1 ಡಿಗ್ರಿ. ಹತ್ತಿರದ ಕ್ಯಾಮೆರಾ ಮೂಗನ್ನು ಉಬ್ಬಿಸುತ್ತದೆ ಎಂಬುದೂ ನೆನಪಿರಲಿ. 30 ಸೆಂ.ಮೀ. ದೂರದಿಂದ ತೆಗೆದ ಚಿತ್ರದಲ್ಲಿ ಮೂಗಿನ ಬುಡ ಒಂದೂವರೆ ಮೀಟರ್ ದೂರದ ಚಿತ್ರಕ್ಕಿಂತ ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು 2018ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ತೋರಿಸಿತು. ಅದಕ್ಕೇ ಈ ಪ್ರಯೋಗಕ್ಕೆ ಸೆಲ್ಫಿ ಬಳಸಬೇಡಿ ಎನ್ನುವುದು ನನ್ನ ಮೊದಲ ಸಲಹೆ.

ಬೆಳಕಿನದು ಸುಲಭವಾಗಿ ಅರ್ಥವಾಗುವ ಸಂಗತಿ. ಕಿಟಕಿ ಒಂದು ಪಕ್ಕಕ್ಕಿದ್ದರೆ ಒಂದು ಕೆನ್ನೆ ಬೆಳಗುತ್ತದೆ, ಇನ್ನೊಂದು ನೆರಳಾಗುತ್ತದೆ. ಬೆಳಗಿದ ಅರ್ಧವನ್ನು ಜೋಡಿ ಮಾಡಿದರೆ ಸಪಾಟಾದ, ಅಗಲವಾದ ಮುಖ. ನೆರಳಿನ ಅರ್ಧಕ್ಕೆ ಜೋಡಿ ಮಾಡಿದರೆ ಕೆನ್ನೆ ಒಳಸೇರಿದ, ಗಂಭೀರ ಮುಖ. ಒಳ್ಳೆಯ ಪೋರ್ಟ್ರೇಟ್‌ಗೆ ಪಕ್ಕದ ಬೆಳಕೇ ಚೆಂದ, ನಿಜ. ಆದರೆ ಅದೇ ಫೋಟೊ ಸಮಮಿತಿಯ ಪರೀಕ್ಷೆಗೆ ಅನರ್ಹ.

ಇನ್ನು ಕತ್ತರಿಯ ವಿಷಯ. ಮುಖದ ‘ನಡು’ ಎಲ್ಲಿದೆ? ಹುಬ್ಬುಗಳ ಮಧ್ಯಭಾಗ, ಮೂಗಿನ ಬುಡ, ಮೇಲ್ದುಟಿಯ ಮೇಲಿನ ತಗ್ಗು, ಗಲ್ಲದ ತುದಿ, ಈ ನಾಲ್ಕನ್ನೂ ಒಂದೇ ನೇರ ಗೆರೆಯಲ್ಲಿ ಹಿಡಿಯಲು ಹೊರಟರೆ ಬಹುಪಾಲು ಮುಖಗಳಲ್ಲಿ ಒಂದಾದರೂ ಗೆರೆ ಬಿಟ್ಟು ನಿಲ್ಲುತ್ತದೆ. ಹಾಗಾಗಿ ನಡುಗೆರೆ ಎಂಬುದು ಎಡಿಟ್ ಮಾಡುವವರ ತೀರ್ಮಾನ. ಆ ತೀರ್ಮಾನದ ಬೆಲೆ ನಾಲ್ಕು ಪಟ್ಟು. ಗೆರೆಯನ್ನು 5 ಪಿಕ್ಸೆಲ್ ಪಕ್ಕಕ್ಕೆ ಸರಿಸಿದರೆ ಒಂದು ಜೋಡಿಮುಖ 10 ಪಿಕ್ಸೆಲ್ ಅಗಲವಾಗುತ್ತದೆ, ಇನ್ನೊಂದು 10 ಪಿಕ್ಸೆಲ್ ಕಿರಿದಾಗುತ್ತದೆ. ಎರಡರ ನಡುವಿನ ಅಂತರ ಒಟ್ಟು 20. ಕಣ್ಣುಗಳ ನಡುವಿನ ದೂರವೂ ಇದೇ ಪ್ರಮಾಣದಲ್ಲಿ ಬದಲಾಗುತ್ತದೆ. ಮುಖದ ಗುರುತು ಸಿಗದಂತಾಗಲು ಅಷ್ಟೇ ಸಾಕು.

ಇಷ್ಟನ್ನು ತಿಳಿದುಕೊಂಡ ಮೇಲೆ ಫೋಟೊ ಹೇಗೆ ತೆಗೆಯಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಕ್ಯಾಮೆರಾ ಒಂದೂವರೆ ಎರಡು ಮೀಟರ್ ದೂರದಲ್ಲಿ, ಕಣ್ಣಿನ ಎತ್ತರದಲ್ಲಿ, ಟ್ರೈಪಾಡ್ ಮೇಲಿರಲಿ. ದೂರದಿಂದ ತೆಗೆದು ಆಮೇಲೆ ಕ್ರಾಪ್ ಮಾಡಿ, ಇಲ್ಲವೇ ಜೂಮ್ ಬಳಸಿ. ಬೆಳಕು ಎದುರಿನಿಂದ, ಮೃದುವಾಗಿ, ಎರಡೂ ಕಡೆ ಸಮನಾಗಿ ಬೀಳಲಿ. ಕೂದಲನ್ನು ಹಿಂದಕ್ಕೆ ಕಟ್ಟಿ. ಬೈತಲೆ ಪಕ್ಕಕ್ಕಿದ್ದರೆ ಒಂದು ಜೋಡಿಮುಖಕ್ಕೆ ಎರಡು ಕಡೆ ದಟ್ಟ ಕೂದಲು, ಇನ್ನೊಂದಕ್ಕೆ ನಡುನೆತ್ತಿಯಲ್ಲಿ ವಿಚಿತ್ರ ಶಿಖರ ಬಂದು, ನೋಡುವವರ ಗಮನವೆಲ್ಲ ಅಲ್ಲೇ ಹೋಗುತ್ತದೆ. ನೋಟ ಲೆನ್ಸ್‌ನಲ್ಲೇ ನೆಟ್ಟಿರಬೇಕು. ಸ್ವಲ್ಪ ಆಚೆ ನೋಡಿದರೂ ಒಂದು ಜೋಡಿಮುಖ ಮಾಲುಗಣ್ಣಾಗುತ್ತದೆ, ಇನ್ನೊಂದರ ಕಣ್ಣುಗುಡ್ಡೆಗಳು ಹೊರಗೆ ಸರಿದಿರುತ್ತವೆ. ತಲೆ ತಿರುಗಿದೆಯೇ ಎಂದು ತಿಳಿಯಲು ಕಿವಿಗಳನ್ನು ನೋಡಿ: ಎರಡೂ ಹೆಚ್ಚುಕಡಿಮೆ ಅಷ್ಟೇ ಕಾಣುತ್ತಿದ್ದರೆ ಪರವಾಗಿಲ್ಲ. ಕಿವಿಗಳೂ ಸಮನಾಗಿರಬೇಕೆಂದಿಲ್ಲವಾದ್ದರಿಂದ ಇದು ಒರಟು ಅಳತೆ ಮಾತ್ರ. ತಲೆಯನ್ನು ತುಸುತುಸುವೇ ತಿರುಗಿಸುತ್ತ ಹಲವು ಫೋಟೊ ತೆಗೆದು, ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಇನ್ನೂ ವಾಸಿ.

ಎಡಿಟಿಂಗ್‌ನಲ್ಲಿ ಮೊದಲ ಕೆಲಸ ತಲೆಯ ಓರೆ ಸರಿಪಡಿಸುವುದು. ಎರಡು ಕಣ್ಣುಪಾಪೆಗಳ ಮೇಲೆ ಅಡ್ಡ ಗೈಡ್ (ಅಳತೆಯ ಗೆರೆ) ಹಾಕಿ, ಅವು ಒಂದೇ ಮಟ್ಟಕ್ಕೆ ಬರುವಂತೆ ಚಿತ್ರವನ್ನು ತಿರುಗಿಸಿ. ಪಾಪೆಗಳ ನಡುವಿನ ಸರಿಮಧ್ಯದಲ್ಲಿ ಲಂಬ ಗೈಡ್ ಇಳಿಸಿ, ಅದೇ ನಿಮ್ಮ ನಡುಗೆರೆ. ಮೂಗು, ಗಲ್ಲ ಅದರಿಂದ ಆಚೀಚೆ ಇದ್ದರೆ ಇರಲಿ. ಅದನ್ನೇ ತಾನೇ ನೋಡಲು ಹೊರಟಿರುವುದು. ಲೇಯರ್‌ನ, ಅಂದರೆ ಚಿತ್ರದ ಪದರದ, ನಕಲು ಮಾಡಿ, ಅಡ್ಡಲಾಗಿ ಫ್ಲಿಪ್ ಮಾಡಿ (ಎಡಬಲ ಅದಲುಬದಲು ಮಾಡಿ), ಎರಡರ ನಡುಗೆರೆಗಳೂ ಒಂದರ ಮೇಲೊಂದು ಬರುವಂತೆ ಸರಿಸಿ. ಈಗ ಮೇಲಿನ ಲೇಯರ್‌ಗೆ ಮಾಸ್ಕ್ ಹಾಕಿ ಒಂದು ಅರ್ಧ ಮುಚ್ಚಿದರೆ ಒಂದು ಜೋಡಿಮುಖ, ಮಾಸ್ಕನ್ನು ತಿರುವುಮುರುವು ಮಾಡಿದರೆ ಇನ್ನೊಂದು. ಅಳಿಸುವ, ಕತ್ತರಿಸುವ ಗೊಡವೆಯೇ ಇಲ್ಲ. ಫೋಟೊಶಾಪ್‌ನಲ್ಲೂ ಉಚಿತವಾಗಿ ಸಿಗುವ ಜಿಂಪ್ ತಂತ್ರಾಂಶದಲ್ಲೂ ದಾರಿ ಇದೇ.

ಫೈಲಿಗೆ ಹೆಸರಿಡುವಾಗ ಒಂದು ಎಚ್ಚರ. ಫೋಟೊದಲ್ಲಿ ನಮ್ಮ ಎಡಕ್ಕೆ ಕಾಣುವುದು ಆ ವ್ಯಕ್ತಿಯ ಬಲಗೆನ್ನೆ. ‘ಎಡ’ ಎಂದರೆ ಯಾರ ಎಡ ಎಂಬುದನ್ನು ಮೊದಲೇ ನಿರ್ಧರಿಸದಿದ್ದರೆ ಆಮೇಲಿನ ಮಾತೆಲ್ಲ ಗೋಜಲಾಗುತ್ತದೆ. ಮುಂಬದಿ ಕ್ಯಾಮೆರಾದ ಚಿತ್ರವಾದರೆ ಮೊಬೈಲ್ ಅದನ್ನು ಕನ್ನಡಿಯಂತೆ ಉಳಿಸಿದೆಯೋ ಇಲ್ಲವೋ ಎಂದೂ ನೋಡಬೇಕು. ಬಟ್ಟೆಯ ಮೇಲಿನ ಅಕ್ಷರ ಉಲ್ಟಾ ಇದೆಯೇ ಎಂದು ನೋಡಿದರೆ ಗೊತ್ತಾಗುತ್ತದೆ.

ಅರ್ಧ ಮುಖವನ್ನು ಜೋಡಿ ಮಾಡುವುದಕ್ಕಿಂತ ಮರ್ಯಾದಸ್ತ ವಿಧಾನವೊಂದಿದೆ. ಫ್ಲಿಪ್ ಮಾಡಿದ ಲೇಯರ್‌ನ ಒಪಾಸಿಟಿಯನ್ನು (ಎಷ್ಟು ದಟ್ಟವಾಗಿ ಕಾಣಬೇಕೆಂಬುದನ್ನು) ಶೇ 50ಕ್ಕೆ ಇಳಿಸಿ, ಮಾಸ್ಕ್ ತೆಗೆದುಬಿಡಿ. ಮೂಲಮುಖ ಮತ್ತು ಅದರ ಬಿಂಬದ ಸರಾಸರಿ ಸಿಗುತ್ತದೆ. ಇಲ್ಲಿ ಎರಡೂ ಅರ್ಧಗಳಿಗೆ ಸಮಪಾಲು, ಹಾಗಾಗಿ ಮುಖ ಅಗಲವೂ ಆಗುವುದಿಲ್ಲ, ಕಿರಿದೂ ಆಗುವುದಿಲ್ಲ. ತೊಂದರೆ ಏನೆಂದರೆ ಎರಡು ಹುಬ್ಬಿನ ಅಂಚುಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ, ಮಸುಕಾದ ಇಮ್ಮಡಿ ಗೆರೆ ಕಾಣುತ್ತದೆ. ಮಚ್ಚೆ ಅರ್ಧ ಬಣ್ಣದಲ್ಲಿ ಎರಡು ಕಡೆ ಮೂಡುತ್ತದೆ. ಚರ್ಮವೂ ನುಣುಪಾಗಿ ಕಾಣುತ್ತದೆ, ಏಕೆಂದರೆ ಒಂದು ಕಡೆಯ ಸಣ್ಣ ಕಲೆಯನ್ನು ಇನ್ನೊಂದು ಕಡೆಯ ಸ್ವಚ್ಛ ಚರ್ಮ ಅರ್ಧಕ್ಕೆ ತೆಳುವಾಗಿಸುತ್ತದೆ. ಈ ಕೊನೆಯ ಅಂಶ ಮುಖ್ಯ: ‘ಸಮಮಿತಿ ತಂದ ಮೇಲೆ ಮುಖ ಚೆಂದವಾಯಿತು’ ಎಂದವರು ಮೆಚ್ಚಿದ್ದು ಸಮಮಿತಿಯನ್ನೋ, ನುಣುಪು ಚರ್ಮವನ್ನೋ?

ಅದಕ್ಕಾಗಿಯೇ ಆಕಾರವನ್ನೂ ಚರ್ಮದ ವಿವರಗಳನ್ನೂ ಬೇರೆಬೇರೆ ಮಾಡಿ ನೋಡುವ ಮೂರನೆಯ ವಿಧಾನ ಬಂದದ್ದು. ಮುಖದ ಮೇಲೆ ಗುರುತುಬಿಂದುಗಳನ್ನು ಇಡುತ್ತಾರೆ: ಕಣ್ಣಿನ ಮೂಲೆಗಳು, ಹುಬ್ಬಿನ ತುದಿಗಳು, ತುಟಿಯ ಅಂಚು, ದವಡೆಯ ಗೆರೆ. ಕಂಪ್ಯೂಟರ್‌ನಲ್ಲಿ ಮುಖ ಗುರುತಿಸುವ ಒಂದು ಜನಪ್ರಿಯ ಮಾದರಿಯಲ್ಲಿ ಇಂಥ 68 ಬಿಂದುಗಳಿದ್ದರೆ, ಗೂಗಲ್‌ನ ಮೀಡಿಯಾಪೈಪ್ ಫೇಸ್ ಮೆಶ್‌ನಲ್ಲಿ 468. ಎಡಗಡೆಯ ಪ್ರತಿ ಬಿಂದುವಿಗೂ ಬಲಗಡೆ ಒಂದು ಜೊತೆ. ಆ ಜೊತೆಗಳ ಸರಾಸರಿ ತೆಗೆದರೆ ಸಮಮಿತಿಯ ಆಕಾರ ಸಿಗುತ್ತದೆ. ಮೂಲ ಫೋಟೊವನ್ನು ರಬ್ಬರ್ ಹಾಳೆಯಂತೆ ಎಳೆದು ಆ ಆಕಾರಕ್ಕೆ ಹೊಂದಿಸುತ್ತಾರೆ. ಮಚ್ಚೆ ಇದ್ದಲ್ಲೇ, ಒಂದೇ ಆಗಿ ಉಳಿಯುತ್ತದೆ. ಚರ್ಮದ ರಂಧ್ರಗಳೂ ಹಾಗೇ ಇರುತ್ತವೆ.

ಉದಾಹರಣೆಗೆ ಎಡ ಹುಬ್ಬಿನ ತುದಿ ನಡುಗೆರೆಯಿಂದ 62 ಪಿಕ್ಸೆಲ್ ದೂರ, ಕಣ್ಣಿನ ಮಟ್ಟದಿಂದ 40 ಪಿಕ್ಸೆಲ್ ಮೇಲೆ ಇದೆ ಎನ್ನಿ. ಬಲ ಹುಬ್ಬಿನದು 58 ಪಿಕ್ಸೆಲ್ ದೂರ, 44 ಮೇಲೆ. ಸಮಮಿತಿಯ ಸ್ಥಾನ ಎರಡಕ್ಕೂ 60 ದೂರ, 42 ಮೇಲೆ. ಪೂರ್ತಿ ಅಲ್ಲಿಗೇ ಒಯ್ಯಬೇಕೆಂದಿಲ್ಲ. ಶೇ 30ರಷ್ಟು ಮಾತ್ರ ಸರಿಸಿದರೆ ಎಡ ಹುಬ್ಬು 61.4 ಮತ್ತು 40.6ಕ್ಕೆ, ಬಲ ಹುಬ್ಬು 58.6 ಮತ್ತು 43.4ಕ್ಕೆ ಬಂದು ನಿಲ್ಲುತ್ತವೆ. ಬೇಕಾದರೆ ಉಲ್ಟಾ ದಿಕ್ಕಿಗೂ ಹೋಗಬಹುದು: ಶೇ 50ರಷ್ಟು ಹಿಂದಕ್ಕೆ ಎಳೆದರೆ ಎಡ ಹುಬ್ಬು 63 ಮತ್ತು 39, ಬಲ ಹುಬ್ಬು 57 ಮತ್ತು 45. ಅಂದರೆ ಇರುವ ಓರೆಕೋರೆಯನ್ನೇ ಹಿಗ್ಗಿಸಿದ ಹಾಗೆ. ಯಾರಾದರೂ ಒಂದೇ ಪ್ರಯೋಗ ಮಾಡುತ್ತೇನೆಂದರೆ ಇದನ್ನು ಮಾಡಿ ಎನ್ನುತ್ತೇನೆ. ಒಂದು ಮುಖದ ಅಸಮಮಿತಿ ನಿಜವಾಗಿ ಎಲ್ಲಿದೆ ಎಂಬುದು ಅದನ್ನು ತೆಗೆದಾಗ ಅಷ್ಟು ಗೊತ್ತಾಗುವುದಿಲ್ಲ, ಹಿಗ್ಗಿಸಿದಾಗ ಥಟ್ಟನೆ ಗೊತ್ತಾಗುತ್ತದೆ.

ವಿಧಾನಗಳ ಈ ವ್ಯತ್ಯಾಸ ಸಂಶೋಧನೆಯಲ್ಲೂ ಗೊಂದಲ ತಂದಿತ್ತು. ಸಮಮಿತಿಯ ಮುಖವೇ ಸುಂದರ ಎಂಬ ನಂಬಿಕೆಯನ್ನು ಪರೀಕ್ಷಿಸಲು 1990ರ ದಶಕದಲ್ಲಿ ಕೆಲವರು ಅರ್ಧ ಮುಖಗಳನ್ನು ಜೋಡಿ ಮಾಡಿದ ಚಿತ್ರಗಳನ್ನು ಬಳಸಿದರು. ಕೌನರ್ 1996ರಲ್ಲಿ ಪ್ರಕಟಿಸಿದ ಇಂಥ ಅಧ್ಯಯನದಲ್ಲಿ ಜನರ ಒಲವು ಸಮಮಿತಿಯ ಚಿತ್ರಗಳ ಕಡೆಗಿರಲಿಲ್ಲ. ಅರ್ಧವನ್ನು ಜೋಡಿ ಮಾಡಿದಾಗ ಮುಖದ ಅಳತೆಯೇ ಕೆಡುತ್ತದೆ ಎಂಬುದನ್ನು ಮೇಲೆ ಲೆಕ್ಕ ಹಾಕಿದೆವಲ್ಲ, ಅದು ಇಲ್ಲೂ ಕೈಯಾಡಿಸಿರಬಹುದು. 1998ರಲ್ಲಿ ರೋಡ್ಸ್ ಮತ್ತು ಸಂಗಡಿಗರು ಮುಖವನ್ನು ಅದರ ಬಿಂಬದೊಡನೆ ಬೆರೆಸುವ ವಿಧಾನ ಬಳಸಿದಾಗ ಫಲಿತಾಂಶ ತಿರುಗಿತು: ಸಮಮಿತಿ ಹೆಚ್ಚಿದಷ್ಟೂ ಮೆಚ್ಚುಗೆ ಹೆಚ್ಚಿತು. 1999ರಲ್ಲಿ ಪೆರೆಟ್ ಮತ್ತು ಸಂಗಡಿಗರು ಚರ್ಮದ ವಿವರ ಬದಲಾಗದಂತೆ ಆಕಾರವನ್ನಷ್ಟೇ ಸಮಮಿತಿಗೆ ತಂದು ನೋಡಿದರು; ಆಗಲೂ ಒಲವು ಸಮಮಿತಿಯ ಕಡೆಗೇ ಇತ್ತು. ಲೇಯರ್ ಹೇಗೆ ಬೆರೆಸಿದಿರಿ ಎಂಬುದರ ಮೇಲೆ ‘ಸೌಂದರ್ಯದ ನಿಯಮ’ವೇ ಅದಲುಬದಲಾದ ಕಥೆ ಇದು.

ಆದರೂ ಪೋರ್ಟ್ರೇಟ್ ಎಂದರೆ ಭಾವವಿಲ್ಲದ ಮುಖವಲ್ಲ. ನಗುವಾಗ ತುಟಿಯ ಒಂದು ತುದಿ ಮೊದಲು, ಹೆಚ್ಚು ಏರುತ್ತದೆ. ಮುಖದ ಕೆಳಭಾಗದ ಸ್ನಾಯುಗಳನ್ನು ಮುಖ್ಯವಾಗಿ ಮಿದುಳಿನ ಎದುರು ಪಾರ್ಶ್ವ ನಿಯಂತ್ರಿಸುತ್ತದೆ. ಹಣೆಯ ಸ್ನಾಯುಗಳಿಗೆ ಎರಡೂ ಪಾರ್ಶ್ವಗಳಿಂದ ಆಜ್ಞೆ ಬರುತ್ತದೆ. 1978ರಲ್ಲಿ ಸ್ಯಾಕೈಮ್, ಗುರ್ ಮತ್ತು ಸಾಸಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಡಭಾಗವನ್ನು ಜೋಡಿ ಮಾಡಿದ ಮುಖಗಳಲ್ಲಿ ಭಾವ ಹೆಚ್ಚು ತೀವ್ರವಾಗಿದೆ ಎಂದು ನೋಡಿದವರು ಹೇಳಿದರು. ಅದಕ್ಕೂ ಮೊದಲು, 1973ರಲ್ಲಿ, ಮೆಕ್‌ಮ್ಯಾನಸ್ ಮತ್ತು ಹಂಫ್ರಿ ಪಶ್ಚಿಮ ಯೂರೋಪಿನ 1474 ವರ್ಣಚಿತ್ರಗಳನ್ನು ಎಣಿಸಿ, ಸುಮಾರು ಶೇ 60ರಲ್ಲಿ ಎಡಗೆನ್ನೆ ಮುಂದಿರುವುದನ್ನು ಗುರುತಿಸಿದ್ದರು. ನೋಡುವವರ ಕಣ್ಣೂ ನಿಷ್ಪಕ್ಷಪಾತಿಯಲ್ಲ. ಮುಖದ ಹೋಲಿಕೆ ಗುರುತಿಸುವಾಗ ನಾವು ನಮ್ಮ ಎಡಕ್ಕೆ ಕಾಣುವ ಅರ್ಧಕ್ಕೆ ಹೆಚ್ಚು ತೂಕ ಕೊಡುತ್ತೇವೆ ಎಂದು ಗಿಲ್ಬರ್ಟ್ ಮತ್ತು ಬಕಾನ್ ಅದೇ 1973ರಲ್ಲಿ ತೋರಿಸಿದರು. ಹಾಗಾಗಿ ಎರಡು ಜೋಡಿಮುಖಗಳಲ್ಲಿ ‘ಇದೇ ಅವರ ಹಾಗಿದೆ’ ಎಂದು ಗೆಳೆಯರು ಬೆರಳು ತೋರಿಸಿದರೆ, ಅದು ಆ ವ್ಯಕ್ತಿಯ ಬಲ ಅರ್ಧದ ಚಿತ್ರವಾಗಿರುವ ಸಾಧ್ಯತೆ ಹೆಚ್ಚು. ಒಳಮನಸ್ಸು, ಹೊರಮುಖಗಳ ಮಾತು ಇಲ್ಲಿ ಬೇಕಿಲ್ಲ.

ಸ್ವತಃ ಆ ವ್ಯಕ್ತಿಯನ್ನು ಕೇಳಿದರೆ ಉತ್ತರ ಬೇರೆ. ನಮ್ಮ ಮುಖ ನಮಗೆ ಪರಿಚಯವಿರುವುದು ಕನ್ನಡಿಯಿಂದ, ಅಂದರೆ ಎಡಬಲ ಅದಲುಬದಲಾಗಿ. 1977ರಲ್ಲಿ ಮೀಟಾ, ಡರ್ಮರ್ ಮತ್ತು ನೈಟ್ ಒಂದೇ ಫೋಟೊವನ್ನು ನೇರವಾಗಿಯೂ ಉಲ್ಟಾ ಆಗಿಯೂ ಮುದ್ರಿಸಿ ತೋರಿಸಿದಾಗ, ಫೋಟೊದಲ್ಲಿದ್ದವರ ಒಲವು ಕನ್ನಡಿ ಚಿತ್ರದ ಕಡೆಗೂ, ಅವರ ಆಪ್ತರ ಒಲವು ನೇರ ಚಿತ್ರದ ಕಡೆಗೂ ಇತ್ತು. ‘ನನ್ನ ಫೋಟೊ ಯಾವಾಗಲೂ ಸೊಟ್ಟ ಬರುತ್ತದೆ’ ಎಂಬ ದೂರಿಗೆ ಇಲ್ಲೊಂದು ವಿವರಣೆ ಇದೆ. ಅಭ್ಯಾಸವಾದ ಓರೆ ಕಣ್ಣಿಗೆ ಬೀಳುವುದಿಲ್ಲ. ಅದೇ ಓರೆ ಎದುರು ದಿಕ್ಕಿಗೆ ಹೋದಾಗ ವ್ಯತ್ಯಾಸ ಇಮ್ಮಡಿಯಾಗಿ ಕಾಣುತ್ತದೆ. ಅಂಥವರಿಗೆ ಫೋಟೊ ತಿದ್ದುವ ಮೊದಲು ಸುಮ್ಮನೆ ಫ್ಲಿಪ್ ಮಾಡಿ ತೋರಿಸಿ. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ.

ತಿದ್ದಲೇಬೇಕು ಎಂದಾದರೆ? ಮುಖವನ್ನು ಪೂರ್ತಿ ಸಮಮಿತಿಗೆ ತಂದ ಪೋರ್ಟ್ರೇಟ್ ನನಗೆ ಯಾವತ್ತೂ ಸಹಜ ಅನ್ನಿಸಿಲ್ಲ. ಶೇ 20ರಿಂದ 30ರವರೆಗೆ ಸರಿಸಿದರೆ ಯಾರಿಗೂ ತಿಳಿಯುವುದಿಲ್ಲ, ಆದರೆ ಮುಖ ಸ್ವಲ್ಪ ನೆಟ್ಟಗಾದಂತೆ ಕಾಣುತ್ತದೆ. ಅರ್ಧ ದಾಟಿದರೆ ಪರಿಚಿತರು ‘ಏನೋ ಬದಲಾಗಿದೆ’ ಎನ್ನಲು ಶುರುಮಾಡುತ್ತಾರೆ. ಇದು ನನ್ನ ಕಣ್ಣಳತೆ, ನಿಯಮವಲ್ಲ. ಮೊದಲು ಮುಟ್ಟಬೇಕಾದ್ದು ಮುಖವಲ್ಲದ ಸಂಗತಿಗಳನ್ನು: ಓರೆಯಾದ ಕನ್ನಡಕ, ಒಂದು ಕಡೆ ಎದ್ದ ಕಾಲರ್, ಇಳಿದ ಭುಜ. ಇವನ್ನು ಸರಿಪಡಿಸಿದ ಮೇಲೆ ಮುಖವೂ ನೆಟ್ಟಗಾದಂತೆ ಅನ್ನಿಸುತ್ತದೆ. ಆಮೇಲೆ ಕಣ್ಣುಗಳು, ಏಕೆಂದರೆ ಒಂದು ಕಣ್ಣು ತುಸು ಚಿಕ್ಕದಿದ್ದರೆ ಅದು ದಣಿವಿನಂತೆ ಕಾಣಬಹುದು. ನಗುವಿನ ತುದಿಗಳನ್ನು ಮುಟ್ಟದಿದ್ದರೇ ಒಳಿತು.

ಫೋಟೊಶಾಪ್‌ಗೆ 2016ರಲ್ಲಿ ಬಂದ, ಮುಖವನ್ನು ತಾನೇ ಗುರುತಿಸುವ ಲಿಕ್ವಿಫೈನಲ್ಲಿ (ಚಿತ್ರವನ್ನು ತಳ್ಳಿ, ಎಳೆದು ತಿದ್ದುವ ಸಾಧನ) ಎರಡು ಕಣ್ಣುಗಳ ಸ್ಲೈಡರ್‌ಗಳನ್ನು ಬೇರೆಬೇರೆಯಾಗಿ ಹೊಂದಿಸಬಹುದು. ನಡುವಿನ ಕೊಂಡಿ ಗುರುತನ್ನು ಬಿಡಿಸಿಟ್ಟರೆ ಸಾಕು. ದವಡೆ ಮತ್ತು ಮುಖದ ಅಗಲದ ಸ್ಲೈಡರ್‌ಗಳು ಮಾತ್ರ ಎರಡೂ ಕಡೆಗೆ ಒಟ್ಟಿಗೇ ಕೆಲಸ ಮಾಡುತ್ತವೆ, ಹಾಗಾಗಿ ಅವುಗಳಿಂದ ಓರೆ ಹೋಗುವುದಿಲ್ಲ. ದವಡೆಗೆ ಫಾರ್ವರ್ಡ್ ವಾರ್ಪ್ ಟೂಲನ್ನು ದೊಡ್ಡ ಬ್ರಷ್‌ನಲ್ಲಿ, ಕಡಿಮೆ ಒತ್ತಡದಲ್ಲಿ ಬಳಸಬೇಕು. ಚಿಕ್ಕ ಬ್ರಷ್ ಅಲೆಅಲೆಯಾದ ಅಂಚು ಬಿಡುತ್ತದೆ. ಜಿಂಪ್‌ನಲ್ಲಾದರೆ ವಾರ್ಪ್ ಟ್ರಾನ್ಸ್‌ಫಾರ್ಮ್ ಇದೆ. ಫ್ಲಿಪ್ ಮಾಡಿದ ಲೇಯರನ್ನು ಅರೆಪಾರದರ್ಶಕವಾಗಿ ಮೇಲಿಟ್ಟುಕೊಂಡರೆ ಎಲ್ಲಿಂದ ಎಲ್ಲಿಗೆ ಎಷ್ಟು ತಳ್ಳಬೇಕೆಂದು ಕಣ್ಣಿಗೇ ಕಾಣುತ್ತದೆ. ಗುರುತಿನ ಚೀಟಿ, ಪಾಸ್‌ಪೋರ್ಟ್‌ಗಳ ಫೋಟೊದಲ್ಲಿ ಇದಾವುದನ್ನೂ ಮಾಡುವಂತಿಲ್ಲ.

ಕೊನೆಯದಾಗಿ, ಮುಖಕ್ಕೆ ‘ಸಮಮಿತಿಯ ಅಂಕ’ ಕೊಡುವ ಆ್ಯಪ್‌ಗಳ ಬಗ್ಗೆ. ಅವು ಗುರುತುಬಿಂದುಗಳ ಜೊತೆಗಳನ್ನು ಹೋಲಿಸಿ ಒಂದು ಸಂಖ್ಯೆ ಕೊಡುತ್ತವೆ. ಆದರೆ ಎಷ್ಟು ವ್ಯತ್ಯಾಸಕ್ಕೆ ಎಷ್ಟು ಅಂಕ ಕಳೆಯಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದ ಮಾನದಂಡವಿಲ್ಲ. ತಲೆ ಮೂರು ಡಿಗ್ರಿ ತಿರುಗಿದರೆ ಅಂಕವೂ ತಿರುಗುತ್ತದೆ. ಒಂದೇ ಮುಖದ ನಾಲ್ಕಾರು ಫೋಟೊ ಕೊಟ್ಟು ನೋಡಿ. ಅಸಮಮಿತಿ ಎಂದರೆ ಬಾಲ್ಯದ ಅನಾರೋಗ್ಯದ ಗುರುತು ಎಂಬ ಮಾತೂ ಇವುಗಳ ಜೊತೆಗೇ ಓಡಾಡುತ್ತದೆ. 2014ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು 4,700ಕ್ಕೂ ಹೆಚ್ಚು ಹದಿಹರೆಯದವರ ಮುಖಗಳ ಮೂರು ಆಯಾಮದ ಸ್ಕ್ಯಾನ್‌ಗಳನ್ನು ಅವರ ಬಾಲ್ಯದ ಆರೋಗ್ಯದ ದಾಖಲೆಯೊಂದಿಗೆ ಹೋಲಿಸಿ ನೋಡಿತು. ಎರಡಕ್ಕೂ ಸಂಬಂಧ ಸಿಗಲಿಲ್ಲ.